ಹಗುರ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: ತೂಕ ಎಲ್ಲಿ ಕಡಿಮೆಯಾಯಿತು ಎಂದು ಕೇಳಿ

ರಿಪೇರಿ ಅಂಗಡಿಯ ಹುಡುಗ ಹತ್ತು ಸಣ್ಣ ಸ್ಕ್ರೂ ಬಿಚ್ಚಿ, ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಸಂದಿಯಲ್ಲಿ ತೂರಿಸಿ, ನನ್ನ ಲ್ಯಾಪ್‌ಟಾಪಿನ ಕೆಳಮುಚ್ಚಳ ಎತ್ತಿದ. ಒಳಗೆ ಅರ್ಧ ಜಾಗ ಬ್ಯಾಟರಿಯೇ. ಒಂದು ಮೂಲೆಯಲ್ಲಿ ಹಪ್ಪಳದಷ್ಟು ತೆಳ್ಳಗಿನ ಫ್ಯಾನು, ಪ್ರೊಸೆಸರಿನ ಪಕ್ಕ ನಾಲ್ಕು ಕಪ್ಪು ಚೌಕ. ಸ್ಕ್ರೂಡ್ರೈವರಿನ ತುದಿಯಿಂದ ಅವನ್ನು ತೋರಿಸಿ, "ಇದ ನೋಡ್ರಿ ಸರ್ ನಿಮ್ಮ ರ‍್ಯಾಮ್. ಬೋರ್ಡಿಗೇ ಬೆಸುಗಿ ಹಾಕಿಬಿಟ್ಟಾರ. ಬ್ಯಾರೇದ್ದು ಹಾಕಾಕ ಜಾಗಾನ ಇಲ್ರಿ" ಅಂದ.

ಎರಡು ವರ್ಷದ ಹಿಂದೆ ಅದನ್ನು ಕೊಂಡಾಗ ಮಾರಿದವರು ಹೇಳಿದ್ದು ಬೇರೆ: "ಈಗ 8 ಜಿಬಿ ಸಾಕ್ರಿ, ಮುಂದ ಬೇಕಾದ್ರ ಹಾಕಿಸ್ಕೊಳ್ರಿ." ನಾನು ಕೈಯಲ್ಲಿ ಎತ್ತಿ ನೋಡಿದೆ, ಹೂವಿನಂತೆ ಹಗುರ ಇತ್ತು, ಕೊಂಡುಬಿಟ್ಟೆ. ನಾನು ಗದಗಿನಲ್ಲಿದ್ದು ಧಾರವಾಡದಲ್ಲಿ ಪಾಠ ಮಾಡುವವನು. ಬೆಳಿಗ್ಗೆ ರೈಲು, ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು, ಸಂಜೆ ಅದೇ ದಾರಿ. ಹಗುರ ಯಂತ್ರ ನನ್ನ ಹೆಗಲಿಗೆ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯಲಾರೆ. ಆದರೆ ಆ ಹಗುರಕ್ಕೆ ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಅಂಗಡಿಯಲ್ಲಿ ನಾನು ಕೇಳಲಿಲ್ಲ. ತೂಕ ತಾನಾಗಿ ಕರಗುವುದಿಲ್ಲ, ಒಳಗಿನದು ಏನಾದರೂ ಹೋಗಿರುತ್ತದೆ. ಹೋದದ್ದು ನಿಮಗೆ ಬೇಡದ್ದಾದರೆ ಲಾಭ, ಬೇಕಾದದ್ದಾದರೆ ನಷ್ಟ. ಇದನ್ನು ಕೊಳ್ಳುವ ಮೊದಲೇ ತಿಳಿಯುವುದು ಹೇಗೆಂದು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಲ್ಯಾಪ್‌ಟಾಪ್ ಅಲ್ಲ, ನಿಮ್ಮ ಬ್ಯಾಗ್ ತೂಗಿ

ಓಣಿಯ ಕಿರಾಣಿ ಅಂಗಡಿಗೆ ಹೋಗಿ, ದಿನಾ ಒಯ್ಯುವ ಬ್ಯಾಗನ್ನು ಹಾಗೆಯೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡಿ. ಆಮೇಲೆ ಒಂದೊಂದೇ ಸಾಮಾನು ತೆಗೆದು ತೂಗಿ. ನಾನು ಹೀಗೆ ಮಾಡಿದಾಗ ಹಳೆಯ 15.6 ಇಂಚಿನ ಲ್ಯಾಪ್‌ಟಾಪ್ 2.2 ಕಿಲೋ, ಅದರ ಚಾರ್ಜರ್ ದಪ್ಪ ವೈರು ಸಮೇತ 450 ಗ್ರಾಂ ಬಂತು. ಹೊಸದು 1.3 ಕಿಲೋ, ಚಾರ್ಜರ್ 250 ಗ್ರಾಂ. ಒಟ್ಟು 1.1 ಕಿಲೋ ಉಳಿತಾಯ. ಲೈನ್ ಬಜಾರಿನಲ್ಲಿ ಅರ್ಧ ಕಿಲೋದ ಎರಡು ಪೇಡೆ ಡಬ್ಬಿ ಕೊಂಡು ಊರೆಲ್ಲ ಹೊತ್ತು ತಿರುಗಿದ ಭಾರ ಅದು.

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದ ಎಂದು ಹೆಸರಾದದ್ದು. ರೈಲಿನ ಹಿಂದಿನ ಬೋಗಿಯಲ್ಲಿ ಕುಳಿತು ಬಂದು ಅಲ್ಲಿ ನಡೆಯುವವರಿಗೆ ಒಂದು ಕಿಲೋದ ಬೆಲೆ ಗೊತ್ತು.

ಬ್ಯಾಗ್ ತೂಗಿದಾಗ ಇನ್ನೊಂದು ಸಂಗತಿಯೂ ಕಾಣುತ್ತದೆ. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ. ಸ್ಟೀಲ್ ಡಬ್ಬಿ, ಪುಸ್ತಕ ಸೇರಿ ಇನ್ನೆರಡು. 1.5 ಕಿಲೋದ ಯಂತ್ರಕ್ಕೂ 1.25 ಕಿಲೋದ್ದಕ್ಕೂ ಇರುವ ಕಾಲು ಕಿಲೋ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡುವ ಮೊದಲು, ಅಷ್ಟನ್ನು ಬ್ಯಾಗಿನಲ್ಲೇ ಬೇರೆ ಕಡೆ ಉಳಿಸಬಹುದೇ ನೋಡಿ. ನನ್ನ ಅನುಭವದಲ್ಲಿ 2.2ರಿಂದ 1.5ಕ್ಕೆ ಇಳಿದದ್ದು ಹೆಗಲಿಗೆ ತಕ್ಷಣ ಗೊತ್ತಾಗುತ್ತದೆ. 1.4ರಿಂದ 1.2ಕ್ಕೆ ಇಳಿದದ್ದು ಅಂಗಡಿಯಲ್ಲಿ ಗೊತ್ತಾಗುತ್ತದೆ, ಬ್ಯಾಗಿನಲ್ಲಿ ಗೊತ್ತಾಗುವುದಿಲ್ಲ.

ವಾರದಲ್ಲಿ ಎಷ್ಟು ದಿನ ಹೊರುತ್ತೀರಿ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಒಂದೋ ಎರಡೋ ದಿನ, ಅದೂ ಸ್ಕೂಟರಿನ ಕಾಲ ಬಳಿ ಇಟ್ಟು ಒಯ್ಯುವುದಾದರೆ ತೂಕಕ್ಕಾಗಿ ಹೆಚ್ಚು ಹಣ ಸುರಿಯಬೇಡಿ.

ಹಂತ 2: ನೀವು ಬಳಸುವ ತಂತ್ರಾಂಶಗಳ ಪಟ್ಟಿ

ಕಾಗದ ತೆಗೆದುಕೊಂಡು, ನಿಜವಾಗಿ ತೆರೆಯುವ ತಂತ್ರಾಂಶಗಳನ್ನಷ್ಟೇ ಬರೆಯಿರಿ. ಟ್ಯಾಲಿ, ಎಕ್ಸೆಲ್, ಬ್ರೌಸರ್, ಪಾಠದ ಸ್ಲೈಡು, ವಿಡಿಯೋ ಕರೆ ಇಷ್ಟೇ ಆದರೆ ಯಾವ ಹಗುರ ವಿಂಡೋಸ್ ಲ್ಯಾಪ್‌ಟಾಪಿನ ಪ್ರೊಸೆಸರ್ ಆದರೂ ಸಾಲುತ್ತದೆ. ಆಟೋಕ್ಯಾಡ್, ಮದುವೆ ವಿಡಿಯೋ ಎಡಿಟಿಂಗ್, ಗೇಮ್ ಇದ್ದರೆ ಅಲ್ಲೇ ಯೋಚಿಸಿ. ಆ ಕೆಲಸಗಳಿಗೆ ಹೆಚ್ಚಾಗಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕು, ಅದಕ್ಕೆ ದೊಡ್ಡ ಫ್ಯಾನು ಬೇಕು, ಅಂಥ ಯಂತ್ರದ ಚಾರ್ಜರೇ ಅರ್ಧ ಕಿಲೋ ದಾಟುವುದುಂಟು.

ನಮ್ಮ ಕಡೆಯವರು ವಿಶೇಷವಾಗಿ ನೋಡಬೇಕಾದ ಎರಡು ಸಂಗತಿಗಳಿವೆ. ಒಂದು, ಕನ್ನಡ ಟೈಪಿಂಗ್. ಕಚೇರಿ, ಡಿಟಿಪಿ ಕೆಲಸಕ್ಕೆ ನುಡಿಯನ್ನೇ ನಂಬಿದವರು ಮ್ಯಾಕ್‌ಬುಕ್ ಏರ್‌ನ ಚೆಂದಕ್ಕೆ ಮನಸೋಲುವ ಮೊದಲು ನೆನಪಿಡಿ: ನುಡಿ ವಿಂಡೋಸ್‌ಗೆಂದು ಮಾಡಿದ ತಂತ್ರಾಂಶ. ಯೂನಿಕೋಡ್‌ನಲ್ಲೇ ಬರೆಯುವವರಿಗೆ ಈ ತೊಡಕಿಲ್ಲ. ಎರಡು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ. ಈಗ ಇಂಟೆಲ್ ಬದಲು ಸ್ನ್ಯಾಪ್‌ಡ್ರಾಗನ್ ಎಂಬ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ಹಗುರ, ತಂಪು, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಸಾಮಾನ್ಯ ತಂತ್ರಾಂಶಗಳು ಅವುಗಳಲ್ಲಿ ಹೇಗೋ ಓಡುತ್ತವೆ, ಆದರೆ ಇಂಟೆಲ್‌ಗೆಂದು ಬರೆದ ಡ್ರೈವರ್‌ಗಳು, ಅಂದರೆ ಇಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳು, ಓಡುವುದಿಲ್ಲ. ಜಿಎಸ್‌ಟಿ ರಿಟರ್ನ್ ಹಾಕುವವರು ತಮ್ಮ ಟೋಕನ್ನನ್ನು ಅಂಗಡಿಗೇ ಒಯ್ದು ಚುಚ್ಚಿ ನೋಡುವುದು ಒಳ್ಳೆಯದು.

ಹಂತ 3: ತೂಕ ಎಲ್ಲಿ ಕಡಿಮೆಯಾಯಿತು?

2008ರಲ್ಲಿ ಆಪಲ್ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರತೆಗೆದು ತೋರಿಸಿತು. ತೂಕ 1.36 ಕಿಲೋ. ಅದರಲ್ಲಿ ಸಿಡಿ ಡ್ರೈವ್ ಇರಲಿಲ್ಲ, ನೆಟ್‌ವರ್ಕ್ ಕೇಬಲ್ಲಿನ ತೂತು ಇರಲಿಲ್ಲ, ಯುಎಸ್‌ಬಿ ಒಂದೇ, ಬ್ಯಾಟರಿ ಹೊರಗಿನಿಂದ ಕಳಚಲು ಬರುತ್ತಿರಲಿಲ್ಲ, 2 ಜಿಬಿ ರ‍್ಯಾಮ್ ಬೋರ್ಡಿಗೇ ಅಂಟಿತ್ತು. 2011ರಲ್ಲಿ ಇಂಟೆಲ್ "ಅಲ್ಟ್ರಾಬುಕ್" ಎಂಬ ಹೆಸರು ಕೊಟ್ಟು ಬೇರೆ ಕಂಪನಿಗಳನ್ನೂ ಅದೇ ದಾರಿಗೆ ತಂದಿತು. ಇಂದು ಕೊಪ್ಪಿಕರ್ ರಸ್ತೆಯ ಯಾವ ಅಂಗಡಿಯಲ್ಲಿ ಹಗುರ ಯಂತ್ರ ಎತ್ತಿಕೊಂಡರೂ ಬಿಟ್ಟುಕೊಟ್ಟದ್ದರ ಪಟ್ಟಿ ಹೆಚ್ಚುಕಡಿಮೆ ಅದೇ.

ಇದರಲ್ಲಿ ಸಿಡಿ ಡ್ರೈವ್ ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ಯುಎಸ್‌ಬಿ ಕಡಿಮೆಯಾದರೆ ಹಬ್ ಕೊಂಡರಾಯಿತು. ಬ್ಯಾಟರಿಯನ್ನು ರಿಪೇರಿಯವರು ಒಳಗಿನಿಂದ ಬದಲಿಸಿ ಕೊಡುತ್ತಾರೆ. ಕಡತಗಳು ಉಳಿಯುವ ಎಸ್‌ಎಸ್‌ಡಿ ಕೂಡ ಹೆಚ್ಚಿನ ವಿಂಡೋಸ್ ಯಂತ್ರಗಳಲ್ಲಿ ಒಂದು ಸ್ಕ್ರೂ ಬಿಚ್ಚಿ ಬದಲಿಸುವಂತೆ ಇರುತ್ತದೆ, ಮ್ಯಾಕ್‌ಬುಕ್ ಏರ್‌ನಲ್ಲಿ ಹಾಗಿಲ್ಲ. ಯಾವ ಕಂಪನಿಯ ಯಂತ್ರವೇ ಆಗಲಿ, ಕೊಂಡ ಮೇಲೆ ಉಪಾಯವೇ ಇಲ್ಲದ್ದು ಬೆಸುಗೆ ಹಾಕಿದ ರ‍್ಯಾಮ್ ಮಾತ್ರ. ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರ‍್ಯಾಮ್ ಎಂದರೆ ಕೆಲಸ ಹರವಿಕೊಂಡು ಕೂರುವ ಮೇಜು. ಮೇಜು ಸಣ್ಣದಾದರೆ ಒಂದು ಕಾಗದ ತೆಗೆದಿಟ್ಟು ಇನ್ನೊಂದು ಬಿಡಿಸಬೇಕು, ಆ ತೆಗೆದಿಡುವುದೇ ನೀವು ನೋಡುವ "ಸ್ಲೋ". 8 ಜಿಬಿ ಇರುವ ಯಂತ್ರದಲ್ಲಿ ವಿಂಡೋಸ್ 11 ಎದ್ದು ಕುಳಿತು ಬ್ರೌಸರ್ ತೆರೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿರುತ್ತದೆ. ಹಗುರ ಯಂತ್ರಗಳಲ್ಲಿ ಗ್ರಾಫಿಕ್ಸ್‌ಗೆ ಬೇರೆ ನೆನಪು ಇರುವುದಿಲ್ಲ, ಅದೂ ಇದೇ 8 ಜಿಬಿಯಲ್ಲಿ ಪಾಲು ಕೇಳುತ್ತದೆ. ಆನ್‌ಲೈನ್ ಪಾಠದ ಜೊತೆ ಒಂದು ಅಂಕಪಟ್ಟಿಯ ಎಕ್ಸೆಲ್ ಮತ್ತು ಹತ್ತು ಟ್ಯಾಬ್ ತೆರೆದರೆ ನನ್ನ ಯಂತ್ರದಲ್ಲಿ ಮಾತು ಕಡಿಕಡಿದು ಬರುತ್ತಿತ್ತು. ಮಕ್ಕಳು "ಸರ್ ಕೇಳಸವಲ್ದು" ಅನ್ನುತ್ತಿದ್ದರು, ನಾನು ನೆಟ್‌ವರ್ಕಿಗೆ ಬೈಯುತ್ತಿದ್ದೆ.

ಹೀಗಾಗಿ ನನ್ನ ಖಚಿತ ಮಾತು: ಬೆಸುಗೆ ಹಾಕಿದ ರ‍್ಯಾಮ್ ಆದರೆ 16 ಜಿಬಿಗಿಂತ ಕಡಿಮೆ ಬೇಡ. ಹಣ ಹೊಂದುವುದಿಲ್ಲವಾದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ರ‍್ಯಾಮಿನಲ್ಲಿ ಇಳಿಯಬೇಡಿ. ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಏರ್ ನೋಡುವವರಿಗೂ ಇದೇ ಎಚ್ಚರಿಕೆ. ಆಪಲ್ ಏರ್‌ನ ಅತಿ ಕಡಿಮೆ ಬೆಲೆಯ ಮಾದರಿಗಳಿಗೂ 16 ಜಿಬಿ ಕೊಡಲು ಶುರು ಮಾಡಿದ್ದು 2024ರ ಅಕ್ಟೋಬರ್ ಕೊನೆಗೆ. ಅದಕ್ಕಿಂತ ಮೊದಲು ಮಾರಿದ ಕಡಿಮೆ ಬೆಲೆಯವು 8 ಜಿಬಿಯವು, ಇಲ್ಲವೇ ಅದಕ್ಕಿಂತ ಕಡಿಮೆಯವು.

ಅಂಗಡಿಯವರ ಮಾತನ್ನು ನಂಬಬೇಕಿಲ್ಲ, ಪರೀಕ್ಷೆ ಅರ್ಧ ನಿಮಿಷದ್ದು. ಪ್ರದರ್ಶನಕ್ಕಿಟ್ಟ ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ "ಫಾರ್ಮ್ ಫ್ಯಾಕ್ಟರ್" ಎಂಬ ಸಾಲು ನೋಡಿ. "ಸೋಡಿಮ್" ಎಂದಿದ್ದರೆ ಬಿಚ್ಚಿ ಹಾಕುವ ರ‍್ಯಾಮ್. "ರೋ ಆಫ್ ಚಿಪ್ಸ್" ಎಂದಿದ್ದರೆ ಬೆಸುಗೆ ಹಾಕಿದ್ದು. ಕೆಲವು ಮಾದರಿಗಳಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟು ಇರುತ್ತದೆ. ಅವು ಹಗುರವನ್ನೂ ಬಿಡದೆ ಮುಂದಿನ ದಾರಿಯನ್ನೂ ಮುಚ್ಚದೆ ಇರುವಂಥವು, ಸಿಕ್ಕರೆ ಒಳ್ಳೆಯದು.

ಹಂತ 4: ಬಿಸಿ ಮತ್ತು ಧೂಳು

ಏಪ್ರಿಲ್‌ನಲ್ಲಿ ಗದಗಿನ ಮಧ್ಯಾಹ್ನ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಬಳಸಲು ಹೇಳುತ್ತದೆ, ಬೇರೆಯವರದ್ದೂ ಹೆಚ್ಚಾಗಿ ಅದೇ ಮಿತಿ. ತೆಳ್ಳಗಿನ ಮೈಯಲ್ಲಿ ಬಿಸಿ ಹೊರಗೆ ಹೋಗಲು ಜಾಗ ಕಡಿಮೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೆ ಒಂದೇ ಪ್ರೊಸೆಸರ್ ದಪ್ಪ ಯಂತ್ರದಲ್ಲಿ ಒಂದು ಥರ, ತೆಳ್ಳಗಿನದರಲ್ಲಿ ಇನ್ನೊಂದು ಥರ ಓಡುತ್ತದೆ. ಐದು ನಿಮಿಷದ ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಅರ್ಧ ಗಂಟೆಯ ವಿಡಿಯೋ ಎಕ್ಸ್‌ಪೋರ್ಟಿನಲ್ಲಿ ಕಾಣುತ್ತದೆ.

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ನೋಡುವ ರೂಢಿ ಮಾಡಿಕೊಳ್ಳಿ. "ಯು" ಇದ್ದರೆ ಸುಮಾರು 15 ವ್ಯಾಟಿನದ್ದು, ತೆಳ್ಳಗಿನ ಮೈಗೆ ಒಗ್ಗುವಂಥದ್ದು. "ಎಚ್" ಇದ್ದರೆ 45 ವ್ಯಾಟಿನ ಸುತ್ತ. 1.3 ಕಿಲೋದ ಯಂತ್ರದಲ್ಲಿ ಎಚ್ ಹಾಕಿದ್ದಾರೆಂದರೆ ಕಾಗದದ ಮೇಲೆ ಜೋರು, ಬಳಸುವಾಗ ಫ್ಯಾನಿನ ಸದ್ದೂ ತೊಡೆ ಸುಡುವ ಬಿಸಿಯೂ ಜೊತೆಗೆ ಬರುತ್ತವೆ.

ಫ್ಯಾನೇ ಇಲ್ಲದ ಯಂತ್ರಗಳೂ ಇವೆ. 2020ರ ಎಂ1 ಚಿಪ್ಪಿನಿಂದೀಚೆಗಿನ ಮ್ಯಾಕ್‌ಬುಕ್ ಏರ್ ಹಾಗೆಯೇ. ನಿರಂತರ ಭಾರದ ಕೆಲಸಕ್ಕೆ ಅವು ಹಿಂದೆ ಬೀಳುತ್ತವೆ ನಿಜ. ಆದರೆ ನಮ್ಮ ಎರೆಮಣ್ಣಿನ ಧೂಳಿನ ಊರುಗಳಲ್ಲಿ ಒಂದು ದೊಡ್ಡ ಲಾಭ: ಗಾಳಿ ಎಳೆಯುವುದಿಲ್ಲ, ಆದ್ದರಿಂದ ಧೂಳನ್ನೂ ಎಳೆಯುವುದಿಲ್ಲ. ಫ್ಯಾನಿರುವ ತೆಳ್ಳಗಿನ ಯಂತ್ರದ ತಗಡಿನ ಸಂದಿಗಳು ಬಹಳ ಕಿರಿದು, ಬೇಗ ಕಟ್ಟಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಗಾಳಿ ಎಳೆಯುವ ತೂತು ಕೆಳಗಿದ್ದರೆ ಹಾಸಿಗೆಯ ಮೇಲಿಟ್ಟು ಕೆಲಸ ಮಾಡಲೇಬೇಡಿ.

ಹಂತ 5: ಬ್ಯಾಟರಿಯ ಲೆಕ್ಕ ನೀವೇ ಹಾಕಿ

ಡಬ್ಬಿಯ ಮೇಲಿನ "18 ಗಂಟೆ" ಬಿಡಿ. ಅದು ಬೆಳಕು ತಗ್ಗಿಸಿ ವಿಡಿಯೋ ಓಡಿಸಿ ಅಳೆದದ್ದು. ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ, ಅಂದರೆ ವ್ಯಾಟ್-ಅವರ್ ಎಷ್ಟು ಎಂದು ಕೇಳಿ. ಹಗುರ ಯಂತ್ರಗಳಲ್ಲಿ ಸಾಮಾನ್ಯವಾಗಿ 40ರಿಂದ 60 ಇರುತ್ತದೆ. 50 ಎಂದುಕೊಳ್ಳೋಣ. ಬರೆಯುವುದು, ಓದುವುದು ಮಾಡಿದರೆ ಯಂತ್ರ 7 ವ್ಯಾಟಿನಷ್ಟು ತಿನ್ನುತ್ತದೆ, 50ನ್ನು 7ರಿಂದ ಭಾಗಿಸಿದರೆ ಸುಮಾರು ಏಳು ಗಂಟೆ. ವಿಡಿಯೋ ಕರೆಗೆ 13 ವ್ಯಾಟ್ ಹಿಡಿದರೆ ನಾಲ್ಕು ಗಂಟೆಯೊಳಗೆ ಮುಗಿಯಿತು. ಬಿಸಿಯಲ್ಲಿ, ಬಳಸುತ್ತ ಹೋದಂತೆ ಬ್ಯಾಟರಿಯ ಶಕ್ತಿ ಕುಂದುತ್ತದೆ. ಆದ್ದರಿಂದ ಮೂರನೇ ವರ್ಷದ ಲೆಕ್ಕಕ್ಕೆ ಐದನೇ ಒಂದು ಭಾಗ ಕಳೆದೇ ನೋಡಿ. ನಿಮ್ಮ ದಿನಕ್ಕೆ ಆಗಲೂ ಸಾಲುತ್ತದೆ ಎಂದಾದರೆ ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಹಗುರದ ನಿಜವಾದ ಸುಖ ಇರುವುದು ಅಲ್ಲಿ.

ತೂಕ ಕಡಿಮೆ ಮಾಡಲೆಂದೇ ಸಣ್ಣ ಬ್ಯಾಟರಿ ಹಾಕಿದ ಯಂತ್ರವೂ ಇರುತ್ತದೆ. ಆಗ ಪವರ್ ಬ್ಯಾಂಕ್ ಜೋಡಿಸಬೇಕಾಗುತ್ತದೆ. 20,000 ಎಂಎಎಚ್‌ನದ್ದು ಲೆಕ್ಕಕ್ಕೆ 74 ವ್ಯಾಟ್-ಅವರ್, ದಾರಿಯಲ್ಲಿ ಸೋರಿ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ತೂಕ 400 ಗ್ರಾಂ ಆಸುಪಾಸು. ಉಳಿಸಿದ ಭಾರ ಮತ್ತೆ ಬ್ಯಾಗಿಗೇ ಬಂತು.

ಟೈಪ್-ಸಿ ಚಾರ್ಜಿಂಗ್ ಇರುವುದನ್ನೇ ಆರಿಸಿ. ಮೊಬೈಲಿಗೂ ಲ್ಯಾಪ್‌ಟಾಪಿಗೂ ಒಂದೇ 65 ವ್ಯಾಟ್ ಚಾರ್ಜರ್ ಸಾಕಾಗುತ್ತದೆ. ಇನ್ನೊಂದು ಮಾತು: ಲೋಹದ ಮೈಯ ಯಂತ್ರವನ್ನು ಎರಡು ಪಿನ್ನಿನ ಚಾರ್ಜರಿಗೆ ಹಚ್ಚಿದಾಗ ಅಂಗೈಗೆ ಜುಂ ಎನ್ನುವುದುಂಟು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಮೂರು ಪಿನ್ನಿನ ವೈರು, ಅರ್ಥಿಂಗ್ ಇರುವ ಬೋರ್ಡು ಎರಡೂ ಬೇಕು.

ಹಂತ 6: ಅಂಗಡಿಯಲ್ಲಿ ಅರ್ಧ ಗಂಟೆ

ಹಾವೇರಿಯ ನನ್ನ ತಂಗಿಯ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವಳ ಜೊತೆ ಹೋದಾಗ ನಾವು ಮಾಡಿದ್ದು ಹೀಗೆ. ಮೊದಲು ಮುಚ್ಚಳವನ್ನು ಒಂದೇ ಕೈಯಿಂದ ತೆರೆದೆವು. ಪರದೆಯ ಮೂಲೆ ಹಿಡಿದು ಮೆಲ್ಲಗೆ ಅಲುಗಿಸಿದಾಗ ಒಂದು ಯಂತ್ರದಲ್ಲಿ ಅದು ಬಾಳೆ ಎಲೆಯಂತೆ ಬಳುಕಿತು. ಚಿಗರಿ ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗಿನ ಮೇಲೆ ಇನ್ನೊಬ್ಬರ ಮೊಣಕೈ ಬಿದ್ದಾಗ ಒಡೆಯುವುದು ಇಂಥ ಪರದೆಯೇ. ಮೆಗ್ನೀಸಿಯಂ ಮಿಶ್ರಲೋಹದ ಮೈ ಮುಟ್ಟಿದರೆ ಪ್ಲಾಸ್ಟಿಕ್‌ನಂತೆ ಅನ್ನಿಸುತ್ತದೆ, ಅಲ್ಯೂಮಿನಿಯಂಗಿಂತ ಹಗುರವೂ ಹೌದು. ಮುಟ್ಟಿ ನೋಡಿ ಕಳಪೆ ಎಂದು ತಳ್ಳಿಹಾಕಬೇಡಿ, ಯಾವ ವಸ್ತು ಎಂದು ಕೇಳಿ.

ಆಮೇಲೆ ನೋಟ್‌ಪ್ಯಾಡ್ ತೆರೆದು ಒಂದು ಪುಟ ಟೈಪ್ ಮಾಡಲು ಹೇಳಿದೆ. ತೆಳ್ಳಗಿನ ಯಂತ್ರದ ಕೀಲಿಗಳು ಒಳಗೆ ಇಳಿಯುವುದು ಕಡಿಮೆ, ಬೆರಳಿಗೆ ಗಟ್ಟಿ ನೆಲ ಕುಟ್ಟಿದ ಹಾಗೆ. 14 ಇಂಚಿನ ಹೆಚ್ಚಿನವುಗಳಲ್ಲಿ ಬಲಗಡೆಯ ಅಂಕಿಗಳ ಸಾಲು ಇರುವುದಿಲ್ಲ. ದಿನವಿಡೀ ಟ್ಯಾಲಿಯಲ್ಲಿ ಅಂಕಿ ಹೊಡೆಯುವವರು ಇದನ್ನು ಮರೆತರೆ ಬೇರೆ ನಂಬರ್ ಪ್ಯಾಡ್ ಕೊಳ್ಳಬೇಕಾಗುತ್ತದೆ.

ಪರದೆಯ ಬೆಳಕು 300 ನಿಟ್ಸ್ ಆದರೂ ಇರಲಿ, ರೈಲಿನ ಕಿಟಕಿ ಪಕ್ಕ ಕೂರುವವರಿಗೆ 400 ಒಳ್ಳೆಯದು. ಹೊಳಪಿನ ಟಚ್ ಗಾಜು ತೂಕವನ್ನೂ ಕೂಡಿಸುತ್ತದೆ, ಬೆಳಕನ್ನೂ ಮುಖಕ್ಕೆ ಹೊಡೆಯುತ್ತದೆ. ಮ್ಯಾಟ್ ಪರದೆ ನನ್ನ ಆಯ್ಕೆ. ಪೋರ್ಟ್‌ಗಳಲ್ಲಿ ಒಂದು ಎಚ್‌ಡಿಎಂಐ, ಒಂದು ಹಳೆಯ ನಮೂನೆಯ ಯುಎಸ್‌ಬಿ ಇದ್ದರೆ ಸಾಕು. ಹಳೆಯ ಪ್ರೊಜೆಕ್ಟರ್ ಇರುವ ಕಾಲೇಜಿನವರು ವಿಜಿಎ ಜೋಡಿಸುವ ತುಂಡನ್ನೂ ತೆಗೆದುಕೊಳ್ಳಿ.

ಕೊನೆಗೆ ತಕ್ಕಡಿ. ಲಗೇಜ್ ತೂಗುವ ಪುಟ್ಟ ಕೈತಕ್ಕಡಿ ಒಯ್ದಿದ್ದೆ. ಚೀಲದಲ್ಲಿ ಯಂತ್ರ, ಚಾರ್ಜರ್, ವೈರು ಎಲ್ಲ ಹಾಕಿ ತೂಗಿದೆವು. ಅಂಗಡಿಯ ಹುಡುಗರು ಸುತ್ತ ನೆರೆದು ತಾವೂ ಉಳಿದ ಯಂತ್ರಗಳನ್ನು ತಂದುಕೊಟ್ಟು ತೂಗಿಸಿದರು. ಕಾಗದದಲ್ಲಿ ಬರೆದ ತೂಕದಲ್ಲಿ ಚಾರ್ಜರ್ ಎಂದೂ ಸೇರಿರುವುದಿಲ್ಲ.

ಹಂತ 7: ಬಿಲ್ಲು, ವಾರಂಟಿ

ಲ್ಯಾಪ್‌ಟಾಪಿಗೆ ಜಿಎಸ್‌ಟಿ 18%. ನೋಂದಣಿ ಇರುವ ವ್ಯಾಪಾರಿಗಳು ತಮ್ಮ ಸಂಖ್ಯೆ ಹಾಕಿಸಿ ಬಿಲ್ಲು ಪಡೆದರೆ ಇನ್‌ಪುಟ್ ಕ್ರೆಡಿಟ್‌ಗೆ ಬರುತ್ತದೆ. ವಾರಂಟಿ "ಆನ್‌ಸೈಟ್" ಎಂದಿದ್ದರೆ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಅಲ್ಲಿಗೆ ಬರುತ್ತಾರೆಯೇ ಎಂದು ಕಂಪನಿಯ ಸಹಾಯವಾಣಿಗೇ ಕರೆ ಮಾಡಿ ಕೇಳಿ. ಹುಬ್ಬಳ್ಳಿಗೆ ಬರುವವರು ರೋಣಕ್ಕೋ ಹಾನಗಲ್ಲಿಗೋ ಬರುತ್ತಾರೆಂದು ಎಣಿಸಬೇಡಿ. ಹಗುರ ಯಂತ್ರದಲ್ಲಿ ಎಲ್ಲವೂ ಒಂದೇ ಬೋರ್ಡಿನಲ್ಲಿರುವುದರಿಂದ ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕಾದೀತು. ಆದ್ದರಿಂದ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸುವ ಹಣ ಇಂಥ ಯಂತ್ರಕ್ಕೆ ವ್ಯರ್ಥವಲ್ಲ. ಬಿದ್ದು ಒಡೆದರೂ ಸಲ್ಲುವ ರಕ್ಷಣೆ ಬೇರೆಯದೇ, ಅದನ್ನು ಬೇರೆಯಾಗಿ ಕೇಳಿ.

ಹಂತ 8: ನಿರ್ಧಾರ

ದಿನಾ ಊರಿಂದೂರಿಗೆ ಓಡಾಡುವ ಶಿಕ್ಷಕರು, ಪತ್ರಕರ್ತರು, ಮಾರಾಟ ಪ್ರತಿನಿಧಿಗಳು, ಬೆನ್ನುನೋವಿನವರು ಹಗುರಕ್ಕೆ ಹಣ ಕೊಡಿ, ಸಂಕೋಚ ಬೇಡ. 1.2ರಿಂದ 1.4 ಕಿಲೋ, 16 ಜಿಬಿ, ಟೈಪ್-ಸಿ. ಮನೆಯ ಮೇಜು ಬಿಟ್ಟು ಕದಲದ ಯಂತ್ರಕ್ಕೆ, ವಿಡಿಯೋ ಎಡಿಟಿಂಗ್‌ಗೆ, ನಾಲ್ಕೈದು ವರ್ಷ ಬಿಚ್ಚಿ ಬದಲಿಸುತ್ತ ಬಳಸುವವರಿಗೆ ಹಗುರ ಬೇಡ.

ತಂಗಿಯ ಮಗಳು ಮೊದಲು ಕಣ್ಣಿಟ್ಟದ್ದು 1.2 ಕಿಲೋದ ಬೆಳ್ಳಿ ಬಣ್ಣದ್ದಕ್ಕೆ. ಟಾಸ್ಕ್ ಮ್ಯಾನೇಜರ್ ಅವಳೇ ತೆರೆದು, "ಮಾಮಾ, ರೋ ಆಫ್ ಚಿಪ್ಸ್ ಐತಿ, ಎಂಟ ಜಿಬಿ" ಎಂದು ಓದಿ, ತಾನೇ ಕೆಳಗಿಟ್ಟಳು. ಹಾಸ್ಟೆಲಿನಿಂದ ತರಗತಿಗೆ ಹತ್ತು ನಿಮಿಷದ ನಡಿಗೆ. ಸ್ಲಾಟು ಇರುವ 1.6 ಕಿಲೋದ್ದು ತೆಗೆದುಕೊಂಡಳು. ಉಳಿದ ಹಣಕ್ಕೆ ವಾರಂಟಿ ಹೆಚ್ಚಿಸಿದೆವು.

ಹಂತ 9: ತಂದ ಮೊದಲ ವಾರ

ಡಬ್ಬಿ ಎಸೆಯಬೇಡಿ. ಬಿಲ್ಲಿನ ಶಾಯಿ ಮಾಸುವ ಮೊದಲು ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿ. ಎರಡು ಗಂಟೆ ಎಡೆಬಿಡದೆ ವಿಡಿಯೋ ಕರೆ ಮಾಡಿ, ಯಂತ್ರ ಎಷ್ಟು ಬಿಸಿಯಾಯಿತು, ಬ್ಯಾಟರಿ ಎಷ್ಟು ಇಳಿಯಿತು ಬರೆದುಕೊಳ್ಳಿ. ಎಲ್ಲ ಪೋರ್ಟ್‌ಗಳಿಗೂ ಒಮ್ಮೆ ಪೆನ್ ಡ್ರೈವ್ ಹಾಕಿ ನೋಡಿ. 512 ಜಿಬಿ ಎಂದು ಕೊಂಡದ್ದು 476 ಎಂದು ತೋರಿಸಿದರೆ ಗಾಬರಿ ಬೇಡ, ಅದು ಲೆಕ್ಕದ ರೀತಿಯ ವ್ಯತ್ಯಾಸ. ಬ್ಯಾಟರಿ 80%ಗೆ ನಿಲ್ಲುವ ಸೌಲಭ್ಯ ಕಂಪನಿಯ ಆ್ಯಪ್‌ನಲ್ಲಿದ್ದರೆ ಮೇಜಿನ ಮೇಲೆ ಬಳಸುವಾಗ ಹಚ್ಚಿಡಿ. ದೋಷ ಕಂಡರೆ ಬದಲಿಸಿಕೊಡುವ ಅವಧಿ ಕೆಲವೇ ದಿನಗಳದ್ದು, ಅಷ್ಟರಲ್ಲೇ ಅಂಗಡಿಗೆ ಒಯ್ದು ತೋರಿಸಿ.